ಈಶ್ವರ ಸಂವತ್ಸರದ ಗೆರೆ

ನಮ್ಮಜ್ಜಿಗೂ ದೊಡ್ಡಜ್ಜಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡಾಗ ಎಬ್ಬಿಸಿದ ಮಣ್ಣಿನ ಗೋಡೆ ಅದು, ಸೂರು ಮುಟ್ಟುವಷ್ಟು ಎತ್ತರ ಹೋಗಿರಲಿಲ್ಲ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು. ಈ ಕಡೆ ಬೈದರೆ ಆ ಕಡೆಯಿಂದ ಜವಾಬು. ನಮ್ಮಜ್ಜಿ ತಮ್ಮನ ಹೆಂಡತಿ, ದೊಡ್ಡಜ್ಜಿ ಅಣ್ಣನ ಹೆಂಡತಿ. ಗಂಡಂದಿರಿಬ್ಬರೂ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಓರಗಿತ್ತಿಯರು ಮಾತ್ರ ಕಲ್ಲುಗುಂಡಿನ ಹಾಗೆ ಇದ್ದರು. ಇವರ ಜಗಳ ಒಂದು ತೀರ್ಮಾನಕ್ಕೆ ಬರಲಿ ಅಂತ ಯಮ ಕಾಯುತ್ತಿದ್ದಾನೆ ಅಂತ ನಮ್ಮಪ್ಪ ನಗುತ್ತಿದ್ದ.

ಹಾಗಂತ ದಿನಾ ಕಿತ್ತಾಡುತ್ತಿದ್ದರು ಅಂದುಕೊಳ್ಳಬೇಡಿ. ಅವರೆಕಾಯಿ ಕಾಲ ಬಂತೆಂದರೆ ಇಬ್ಬರೂ ಒಂದೇ ಮೊರದ ಮುಂದೆ ಕೂತು ಕಾಳು ಹಿದುಕುತ್ತಿದ್ದರು. ದೊಡ್ಡಜ್ಜಿಯ ಕಣ್ಣಿಗೆ ಪೊರೆ ಬಂದು ಏನೂ ಕಾಣದಂತಾದ ಮೇಲೆ ಅವಳ ತಲೆ ಬಾಚಿ ಗಂಟು ಹಾಕುತ್ತಿದ್ದವಳು ನಮ್ಮಜ್ಜಿಯೇ. ಹುರುಳಿ ಸಾರಿನ ಪಾತ್ರೆ ಗೋಡೆ ದಾಟಿ ಹೋಗುತ್ತಿತ್ತು, ಮೊಸರಿನ ಪಾತ್ರೆ ಗೋಡೆ ದಾಟಿ ಬರುತ್ತಿತ್ತು. ಆದರೆ ವರ್ಷಕ್ಕೊಂದು ಸಲ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ದಿನ, ಇಬ್ಬರ ಮುಖವೂ ಬಿಗಿದುಕೊಳ್ಳುತ್ತಿತ್ತು. ಅತ್ತೆಗೆ ಎಡೆ ಇಡುವುದು ಹಿರೀಸೊಸೆಯ ಮನೆಯಲ್ಲಿ. ನಮ್ಮಜ್ಜಿ ನಸುಕಿಗೇ ಎದ್ದು ಮಿಂದು, ವಡೆ ಸುಟ್ಟು, ಪಾಯಸ ಕಾಸಿ, ಗೋಡೆಯ ಮೇಲಿಂದ ಕೊಡುತ್ತಿದ್ದಳು. ದೊಡ್ಡಜ್ಜಿ ಅದನ್ನು ಇಸಿದುಕೊಂಡು ತನ್ನ ಕೈಯಿಂದ ಎಲೆಗೆ ಬಡಿಸುತ್ತಿದ್ದಳು. ನಮ್ಮಜ್ಜಿಗೆ ಒಳಗೆ ಪ್ರವೇಶವಿಲ್ಲ. ಬಿಟ್ಟು ಹೋದವರು ಕೈಯಾರೆ ಬಡಿಸಿದ್ದನ್ನು ಅತ್ತೆ ಮುಟ್ಟಲ್ಲ ಅಂತ ದೊಡ್ಡಜ್ಜಿಯ ಕಾನೂನು. ನಮ್ಮಜ್ಜಿ ಜಗುಲಿಯ ಮೇಲೆ ಕೂತು ಸೆರಗಿನ ತುದಿ ಹೊಸೆಯುತ್ತಿರುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಈ ಕಾನೂನು ಹುಟ್ಟಿದ್ದು ಧಾತು ಈಶ್ವರದ ಬರದಲ್ಲಿ. ನಮ್ಮ ಕಡೆ ಆಗ ವರ್ಷಕ್ಕೆ ಅಂಕಿ ಹೇಳುವವರು ಯಾರೂ ಇರಲಿಲ್ಲ, ಹೆಸರೇ ಹೇಳುವುದು. ಅರವತ್ತು ಹೆಸರು ಒಂದು ಸುತ್ತು ಮುಗಿದರೆ ಮತ್ತೆ ಪ್ರಭವದಿಂದ ಶುರು. ಧಾತುವಿನಲ್ಲಿ ಮಳೆ ಕೈಕೊಟ್ಟಿತು. ಕೆರೆ ಬತ್ತಿ, ಕಣಜದ ತಳ ಕಂಡು, ಜನ ಪಾಪಸುಕಳ್ಳಿ ಹಣ್ಣು ತಿಂದರು. ಧಾತು ಕಳೆದು ಈಶ್ವರ ಬಂದರೂ ಮೋಡದ ಸುಳಿವಿಲ್ಲ. ದೊಡ್ಡಜ್ಜಿಯ ಗಂಡ ಉಳಿದಿದ್ದ ದನ ಹೊಡೆದುಕೊಂಡು ಹುಲ್ಲು ಹುಡುಕಿ ಘಾಟಿನ ಕಡೆ ಹೋಗಿದ್ದ. ಬಂಗಾರಪೇಟೆಯ ರೈಲು ಸ್ಟೇಷನ್ ಹತ್ತಿರ ಗಂಜಿ ಹಾಕುತ್ತಾರೆ ಅಂತ ಸುದ್ದಿ ಬಂತು. ಆಗ ನಮ್ಮಪ್ಪ ಕಂಕುಳ ಕೂಸು, ಅಜ್ಜಿಯ ಎದೆಯಲ್ಲಿ ಹಾಲಿಲ್ಲ. ಹೋಗೋಣ ಅಂತ ನಮ್ಮಜ್ಜಿ ಗಂಡನನ್ನು ಹೊರಡಿಸಿದಳು. ಅತ್ತೆ ಮಾತ್ರ ಈ ಹೊಸಲು ದಾಟಲ್ಲ ಅಂತ ಹಟ ಹಿಡಿದು ಕೂತಳು. ಅತ್ತೆಯನ್ನು ನೋಡಿಕೊಳ್ಳಲು ದೊಡ್ಡಜ್ಜಿ ಉಳಿದಳು. ಇವರು ಗಂಜಿ ಕುಡಿದು, ಬದುಕಿ, ವಾಪಸು ಬರುವಷ್ಟರಲ್ಲಿ ಅತ್ತೆ ಮಣ್ಣಾಗಿದ್ದಳು.

ಬಂದವಳಿಗೆ ಬೀದಿಯಲ್ಲೇ ದೊಡ್ಡಜ್ಜಿ ಹೇಳಿದ ಮೊದಲ ಮಾತು, ಮಳೆ ಬಂದಿತ್ತು ಅಂತ. ನೀವು ಏರಿ ದಾಟಿದ ಮೇಲೆ ಬಂತು ಅಂತ. ಆ ಮಾತಿನ ಅರ್ಥ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದಿದ್ದರೆ ಬಿತ್ತಬಹುದಿತ್ತು, ಎರಡು ಜೊತೆ ಕೈ ಇದ್ದಿದ್ದರೆ ಸೊಪ್ಪೋ ಸದೆಯೋ ಬೆಳೆದು ಮುದುಕಿಯ ಬಾಯಿಗೆ ಗುಕ್ಕು ಬೀಳುತ್ತಿತ್ತು. ಬಿಟ್ಟು ಓಡಿದ್ದಕ್ಕೇ ಸತ್ತಳು ಅಂತ ಊರು ತೀರ್ಪು ಕೊಟ್ಟಿತು. ನಮ್ಮಜ್ಜಿ ಅವತ್ತಿನಿಂದ ಹೇಳುತ್ತಾ ಬಂದದ್ದೂ ಒಂದೇ ಮಾತು: ಈಶ್ವರದಲ್ಲಿ ಮಳೆ ಬರಲಿಲ್ಲ, ಬರಲಿಲ್ಲ, ಬರಲಿಲ್ಲ. ಯಾರು ಸಾಕ್ಷಿ? ಬರದಲ್ಲಿ ಊರೇ ಮುಕ್ಕಾಲು ಖಾಲಿಯಾಗಿತ್ತು, ಆ ಕಾಲದವರೂ ಒಬ್ಬೊಬ್ಬರಾಗಿ ಹೋಗಿದ್ದರು. ಉಳಿದವರಿಗೆ ನಿನ್ನೆ ಉಂಡದ್ದೇ ನೆನಪಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಅತ್ತೆಗೆ ಕೈಯಾರೆ ಎಡೆ ಇಡಬೇಕು ಅಂತ ಅಜ್ಜಿ ನನ್ನ ಮುಂದೆ ಎಷ್ಟು ಸಲ ಹೇಳಿದ್ದಳೋ. ನಾನು ದೊಡ್ಡಜ್ಜಿಯ ಜೊತೆ ಜಗಳಕ್ಕೆ ಹೋದರೆ ಅವಳೇ ನನ್ನ ಜಡೆ ಹಿಡಿದು ಎಳೆದುಕೊಂಡು ಬರುತ್ತಿದ್ದಳು. ದೊಡ್ಡವರ ವಿಷಯದಲ್ಲಿ ನಿನ್ನ ಮೂಗು ಯಾಕೆ ತೂರಿಸ್ತೀಯಾ ಅಂತ ನನಗೇ ಬೈಗುಳ.

ನನ್ನನ್ನು ಕೊಟ್ಟದ್ದು ನನ್ನ ಸೋದರಮಾವನಿಗೇ, ಅಮ್ಮನ ಕಡೇ ತಮ್ಮನಿಗೆ. ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿಗೆ ಬೇಕಾದ ಮರ ಕೊಯ್ಯುವ ಕೆಲಸ ಅವರದು. ನೆಲದೊಳಗೆ ಬಂಡೆ ಕುಸಿಯದಂತೆ ಆಸರೆ ಕೊಡಲು ಎಷ್ಟು ಮರ ಇಳಿಸಿದರೂ ಗಣಿಗೆ ಸಾಲದು, ಅದರ ಹಸಿವು ಕುಂಭಕರ್ಣನ ಹಸಿವು. ಗುಂಡಿಯ ಮೇಲೆ ದಿಮ್ಮಿ ಮಲಗಿಸಿ, ಒಬ್ಬ ಮೇಲೆ ನಿಂತು ಒಬ್ಬ ಗುಂಡಿಯೊಳಗೆ ನಿಂತು ಉದ್ದ ಗರಗಸ ಎಳೆಯುವುದು. ನಮ್ಮೆಜಮಾನರು ಕೆಳಗಿನವರು. ಸಂಜೆ ಬಂದರೆ ರೆಪ್ಪೆಯ ಮೇಲೂ ಮರದ ಹುಡಿ. ನಮ್ಮದು ಸಾಲುಮನೆ. ಎಡಗಡೆ ತಮಿಳರು, ಬಲಗಡೆ ತೆಲುಗರು, ನಡುವೆ ನಾನು. ಮೂರು ಭಾಷೆಯಲ್ಲಿ ಜಗಳ ಆಡುವುದನ್ನು ಅಲ್ಲೇ ಕಲಿತೆ. ಕಷ್ಟ ಇರಲಿಲ್ಲ ಅಂತಲ್ಲ, ಆದರೆ ಆ ದಿನಗಳನ್ನು ನೆನೆದರೆ ನನಗೆ ಬಾಯಲ್ಲಿ ನೀರೇ ಬರುತ್ತದೆ. ಹೊಟ್ಟೆ ತುಂಬ ಮುದ್ದೆ, ಮೈ ತುಂಬ ಕೆಲಸ, ಮನೆ ತುಂಬ ನಗು.

ಒಂದು ದಿನ ಬುತ್ತಿ ತೆಗೆದುಕೊಂಡು ಹೋದಾಗ ಅವರು ಊಟ ಮುಗಿಸಿ ದಿಮ್ಮಿಯ ತುದಿಗೆ ಒರಗಿ ಕೂತಿದ್ದರು. ಕೊಯ್ದ ಮುಖದ ಮೇಲೆ ಸುತ್ತು ಸುತ್ತು ಗೆರೆ. ಅವರ ಜೊತೆ ಕೆಲಸ ಮಾಡುವ ತಮಿಳು ಮುದುಕರೊಬ್ಬರು ಹೇಳಿಕೊಟ್ಟಿದ್ದರಂತೆ: ತೇಗ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ, ಮಳೆ ಚೆನ್ನಾಗಿ ಬಂದ ವರ್ಷ ಗೆರೆ ದೂರ ದೂರ, ಮಳೆ ಹೋದ ವರ್ಷ ಹತ್ತಿರ ಹತ್ತಿರ. ಅದನ್ನು ಇವರು ತಾವೇ ಕಂಡುಹಿಡಿದ ಹಾಗೆ ಎದೆಯುಬ್ಬಿಸಿ ಹೇಳಿದರು. ಜಗುಲಿಯ ಮೇಲೆ ಸೆರಗು ಹೊಸೆಯುತ್ತ ಕೂತ ಅಜ್ಜಿಯೇ ಕಣ್ಣ ಮುಂದೆ ಬಂದಳು. ಸಾಕ್ಷಿ ಇಲ್ಲ ಅಂದವರು ಯಾರು? ಮರ ಇದೆಯಲ್ಲ, ಅದಕ್ಕೆ ಸುಳ್ಳು ಹೇಳಲು ಬಾಯಿಲ್ಲ. ಇವರ ಹಿಂದೆ ಬಿದ್ದೆ. ಕೊನೆಗೆ ಮೇಸ್ತ್ರಿಯನ್ನು ಕೇಳಿ, ಬೇಡದ ದಿಮ್ಮಿಯ ತುದಿಯಿಂದ ಒಂದು ಬಿಲ್ಲೆ ಕೊಯ್ಯಿಸಿ, ಕೀಸಿ ನುಣ್ಣಗೆ ಮಾಡಿ, ಗೋಣಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಊರಿಗೆ ತಂದರು.

ಆ ದಿನ ನಮ್ಮ ಜಗುಲಿ ನೋಡಬೇಕಿತ್ತು. ಇವರು ಗರಡಿಯ ಉಸ್ತಾದರ ಹಾಗೆ ಮಂಡಿಯೂರಿ ಕೂತು ತೊಗಟೆಯಿಂದ ಒಳಗೆ ಎಣಿಸಿಕೊಂಡು ಹೋದರು. ನಮ್ಮಪ್ಪ ಬೆರಳು ಮಡಿಸಿದ. ಈಶ್ವರದ ಗೆರೆಗೆ ಬಂದಾಗ ಇವರು ಮತ್ತೊಮ್ಮೆ ಎಣಿಸಿ ನೋಡಿದರು. ಅಲ್ಲಿ ಒಂದು ಹೆಬ್ಬೆರಳು ಆರಾಮಾಗಿ ಮಲಗುವಷ್ಟು ಜಾಗ. ಭರ್ಜರಿ ಮಳೆ. ಇವರು ತಲೆ ಕೆರೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು, ಮಾವಯ್ಯ ಸತ್ಯ ಹರಿಶ್ಚಂದ್ರ. ಗೋಡೆಯ ಆ ಕಡೆಯಿಂದ ದೊಡ್ಡಜ್ಜಿ ಒಂದು ನಗು ನಕ್ಕಳು. ನಮ್ಮಜ್ಜಿ ಒಳಗೆ ಎದ್ದು ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಅಳಿಯನ ಮುದ್ದೆಗೆ ತುಪ್ಪ ಬೀಳಲಿಲ್ಲ, ಸಾರೂ ಎಣಿಸಿ ಬಡಿಸಿದ ಹಾಗಿತ್ತು. ಬೇಲಿ ಮೇಲಿದ್ದ ಓತಿಕ್ಯಾತವನ್ನು ನಾನೇ ಮನೆಯೊಳಗೆ ಬಿಟ್ಟುಕೊಂಡೆನಲ್ಲಾ ಅಂತ ನನಗೆ ಅಳು ಬಂತು.

ಅದಾದ ಮೇಲೆ ಸಂಕ್ರಾಂತಿ ಕಳೆದು ಬಂಗಾರಪೇಟೆ ಸ್ಟೇಷನ್‌ನಲ್ಲಿ ರೈಲಿಗೆ ಕಾಯುತ್ತ ಕೂತಿದ್ದೆವು. ಎದುರಿನ ಗಾಡಿಯಲ್ಲಿ ದಿಮ್ಮಿಗಳ ರಾಶಿ, ಗಣಿಯ ಕಡೆ ಹೊರಟದ್ದು. ಇವರು ಅದನ್ನು ನೋಡಿ, ನೋಡು ನಮ್ಮ ಮರ ಬಂತು, ರಂಗೂನು ತೇಗ, ಹಡಗಿನಲ್ಲಿ ಮದರಾಸಿಗೆ ಬಂದು ಅಲ್ಲಿಂದ ರೈಲು ಹತ್ತುತ್ತದೆ ಅಂತ ಹೆಮ್ಮೆಯಿಂದ ತೋರಿಸಿದರು. ನಾನು ಅಜ್ಜಿಗೆ ತಂದ ಬಿಲ್ಲೆ ಯಾವ ಮರದ್ದು ಅಂತ ಕೇಳಿದೆ. ಅದೂ ಅದೇ ಅಂದರು. ನನಗೆ ಬಂದ ಸಿಟ್ಟಿಗೆ ಸ್ಟೇಷನ್ ಅಂತಲೂ ನೋಡಲಿಲ್ಲ.

"ಅಲ್ಲ ಮಾವ, ರಂಗೂನಿನ ಮಳೆ ಕುಡಿದ ಮರಕ್ಕೆ ನಮ್ಮೂರ ಬರ ಎಂಗೆ ಗೊತ್ತಾಗ್ತದೆ?"

ಅವರ ಮುಖ ನೋಡಬೇಕಿತ್ತು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ವಿಷಯ ಏನೂ ಗೊತ್ತಿಲ್ಲದಿದ್ದರೂ ನನ್ನ ಪರ ವಹಿಸಿ ತೆಲುಗಿನಲ್ಲಿ ಬೈದಳು. ಆ ಮರ ಕಡಿದದ್ದು ಯಾವ ವರ್ಷ ಅಂತಲಾದರೂ ಗೊತ್ತಿತ್ತೇ? ಅದೂ ಇಲ್ಲ. ತೊಗಟೆಯ ಪಕ್ಕದ ಗೆರೆ ಹೋದ ವರ್ಷದ್ದು ಅಂತ ಇವರೇ ತೀರ್ಮಾನ ಮಾಡಿಕೊಂಡಿದ್ದರು. ಊರಿಗೆ ಹೋಗಿ ಅಜ್ಜಿಯ ಮುಂದೆ ಕೈಮುಗಿದು ನಿಂತರು. ಅಜ್ಜಿ ಎಲ್ಲಾ ಕೇಳಿಸಿಕೊಂಡು, ನಮ್ಮೂರ ಮಳೆ ಕುಡಿದ ಮರ ತಾ, ಆಮೇಲೆ ಮಾತಾಡೋಣ ಅಂದಳು. ಆದರೆ ಅವತ್ತು ಮುದ್ದೆಗೆ ತುಪ್ಪ ಬಿತ್ತು.

ನಮ್ಮೂರ ಮರ ಅಂದರೆ ಇದ್ದದ್ದು ಒಂದೇ ತೇಗ. ಕೆರೆ ಏರಿಯ ಕೆಳಗೆ, ನಮ್ಮ ಹೊಲದ ಮೂಲೆಯಲ್ಲಿ. ಅಜ್ಜಿಯ ಮಾವ, ಅಂದರೆ ಆ ಸತ್ತ ಅತ್ತೆಯ ಗಂಡ, ಎಲ್ಲಿಂದಲೋ ಸಸಿ ತಂದು ನೆಟ್ಟದ್ದಂತೆ. ಬರಕ್ಕೆ ಎಷ್ಟೋ ಮೊದಲೇ ನೆಟ್ಟದ್ದು. ಇವರು ಅದರ ಬುಡ ಸುತ್ತಿ, ತಟ್ಟಿ, ಕತ್ತೆತ್ತಿ ನೋಡಿ ಬಂದರು. ಅಜ್ಜಿ ಮಾತ್ರ ಕೊಡಲಿ ಮುಟ್ಟಬೇಡಿ ಅಂದಳು. ಹಸಿರು ಮರ ಕಡಿದು ಮರ್ಯಾದೆ ಗಳಿಸುವಷ್ಟು ಕೆಟ್ಟಿಲ್ಲ ನಾನು ಅಂದಳು. ತೇಗ ಅಂದರೆ ಸರ್ಕಾರದ ಸೊತ್ತು ಬೇರೆ, ಕಡಿದರೆ ಪಟೇಲರು ಬಿಡುತ್ತಾರೆಯೇ? ಸಾಕ್ಷಿ ಕಣ್ಣೆದುರೇ ನಿಂತಿದೆ, ಬಾಯಿ ಬಿಡಿಸುವ ಹಾಗಿಲ್ಲ. ನಾವೆಲ್ಲ ಸುಮ್ಮನಾದೆವು. ಅಜ್ಜಿ ಮಾತ್ರ ಹೊಲಕ್ಕೆ ಹೋದಾಗೆಲ್ಲ ಆ ಮರದ ಕೆಳಗೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು ಅಂತ ಅಮ್ಮ ಹೇಳಿದಳು.

ಅಕ್ಷಯ ಸಂವತ್ಸರ ಮುಗಿದು ಪ್ರಭವದ ಯುಗಾದಿ ಆಯಿತು, ಹಬ್ಬಕ್ಕೆ ನಾನು ಊರಿಗೆ ಬಂದಿದ್ದೆ. ಬೇವುಬೆಲ್ಲದ ರುಚಿ ಬಾಯಲ್ಲಿರುವಾಗಲೇ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಹುಲ್ಲಿನ ಮೆದೆ ಹಾರಿಹೋಯಿತು, ಮಾವಿನ ಪಿಂದೆಯೆಲ್ಲ ನೆಲದ ಪಾಲು. ಗಾಳಿ ನಿಂತ ಮೇಲೆ ನೋಡಿದರೆ ತೇಗ ಬೇರು ಸಮೇತ ಮಲಗಿತ್ತು. ದೇವರೇ ಕಣ್ಣು ಬಿಟ್ಟ ಅಂತ ನಾನು ಕುಣಿದೆ. ಅಜ್ಜಿ ಮರದ ಹತ್ತಿರ ಹೋಗಿ ಅದರ ಮೈ ಸವರಿ ಕಣ್ಣೊರೆಸಿಕೊಂಡಳು, ನೆಟ್ಟ ಮಾವನನ್ನು ನೆನೆದು. ಪಟೇಲರು ಮೇಲಕ್ಕೆ ತಿಳಿಸಿ, ಮರ ಹರಾಜಾಗಿ, ಹಿಡಿದವರು ಕೊಯ್ಯಲು ಆಳು ಹುಡುಕಿದರು. ಯಾರು ಬಂದಿರಬೇಕು ಹೇಳಿ? ಇವರೂ ಇವರ ಜೊತೆಗಾರ ತಮಿಳು ಮುದುಕರೂ. ಬುಡದ ಒಂದು ಬಿಲ್ಲೆ ನಮಗೆ ಅಂತ ಮೊದಲೇ ಮಾತಾಗಿತ್ತು.

ಈ ಸಲ ಎಣಿಕೆಯ ಯಜಮಾನಿಕೆ ಅಜ್ಜಿಯದು. ತೊಗಟೆಗೆ ಅಂಟಿದ ಗೆರೆ ಅಕ್ಷಯದ್ದು, ಅದರಲ್ಲಿ ಅನುಮಾನವಿಲ್ಲ, ಮರ ಬಿದ್ದದ್ದು ನಮ್ಮ ಕಣ್ಣೆದುರು. ಅಲ್ಲಿಂದ ಹಿಂದಕ್ಕೆ ಹೋಗಬೇಕು. ಸಂವತ್ಸರದ ಹೆಸರನ್ನು ಮುಂದಕ್ಕೆ ಹೇಳು ಅಂದರೆ ನಮ್ಮಪ್ಪ ರಾಗವಾಗಿ ಹೇಳುತ್ತಿದ್ದ, ಹಿಂದಕ್ಕೆ ಹೇಳು ಅಂದರೆ ಉಸಿರು ಕಟ್ಟುತ್ತಿತ್ತು. ಅದಕ್ಕೆ ಅಜ್ಜಿ ಉಪಾಯ ಮಾಡಿದಳು. ಹುಣಸೆ ಬೀಜದ ಕುಡಿಕೆ ತಂದು, ನಮ್ಮಪ್ಪ ಧಾತು, ಈಶ್ವರ, ಬಹುಧಾನ್ಯ, ಪ್ರಮಾಥಿ ಅಂತ ಹಾಡುತ್ತಿದ್ದ ಹಾಗೆ ಹೆಸರಿಗೊಂದು ಬೀಜ ಅಂತ ಅಂಗಳದಲ್ಲಿ ಸಾಲಾಗಿ ಇಟ್ಟಳು. ಅಕ್ಷಯಕ್ಕೆ ಸಾಲು ಮುಗಿಯಿತು. ಎಲ್ಲರಿಗೂ ನೆನಪಿರುವ ಎರಡು ವರ್ಷಕ್ಕೆ ಮಾತ್ರ ಹುಣಸೆ ಬೀಜದ ಬದಲು ಹರಳು ಬೀಜ: ಕೆರೆ ಏರಿ ಒಡೆದ ಶೋಭಕೃತು, ಮಳೆಯೂ ಹೋಗಿ ಆ ಹಾಳು ಜ್ವರವೂ ಬಂದ ಕಾಳಯುಕ್ತಿ. ಇನ್ನು ಸಾಲಿನ ತುದಿಯಿಂದ ಒಂದು ಬೀಜ ತೆಗೆ, ಮರದಲ್ಲಿ ಒಂದು ಗೆರೆಗೆ ಜಾಲಿಮುಳ್ಳು ಚುಚ್ಚು. ಕಾಳಯುಕ್ತಿ ಇಕ್ಕಟ್ಟಾಗಿ, ಶೋಭಕೃತು ಅಗಲವಾಗಿ ಬಂದರೆ ಎಣಿಕೆ ಸರಿ. ಬಾರದಿದ್ದರೆ ಮೊದಲಿಂದ.

ಮೊದಲ ಸಲ ತಪ್ಪಿತು. ಕಾಳಯುಕ್ತಿಯ ಬೀಜ ಕೈಗೆ ಬಂದಾಗ ಮುಳ್ಳು ಚುಚ್ಚಿದ್ದು ಅಗಲವಾದ ಸುತ್ತಿಗೆ. ಜಗುಲಿಯ ಮೇಲೆ ಕೂತಿದ್ದ ದೊಡ್ಡಜ್ಜಿ, ಮರಕ್ಕೂ ಅಳಿಯನಿಗೂ ಜಗಳ ಶುರುವಾಯಿತೇನೋ ಅಂತ ಕುಟುಕಿದಳು. ತಮಿಳು ಮುದುಕರು ಬಗ್ಗಿ ನೋಡಿ ತೋರಿಸಿದರು. ನಮ್ಮ ಸೀಮೆಗೆ ಮುಂಗಾರೂ ಉಂಟು, ಹಿಂಗಾರೂ ಉಂಟು. ನಡುವೆ ಒಣಗಿದರೆ ಮರ ಒಮ್ಮೆ ನಿಂತು ಮತ್ತೆ ಬೆಳೆಯುತ್ತದೆ, ಆಗ ವರ್ಷದ ನಡುವೆಯೇ ಒಂದು ಕಳ್ಳಗೆರೆ ಬೀಳುತ್ತದೆ. ನಿಜವಾದ ಗೆರೆಯ ಪಕ್ಕದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳ ಸಾಲು ಇರುತ್ತದೆ, ಕಳ್ಳಗೆರೆಗೆ ಇರುವುದಿಲ್ಲ. ಮತ್ತೆ ಬೀಜ ಜೋಡಿಸಿದೆವು. ಈ ಸಲ ಕಾಳಯುಕ್ತಿ ಇಕ್ಕಟ್ಟಿಗೇ ಬಂದು ಕೂತಿತು. ಅಂಗಳದಲ್ಲಿ ನೆರೆದಿದ್ದ ಪ್ರತಿಯೊಬ್ಬರ ಮನೆಯಲ್ಲೂ ಆ ವರ್ಷ ಯಾರಾದರೂ ಹೋಗಿದ್ದರು. ಶೋಭಕೃತುವಿಗೆ ಬಂದಾಗ ಸುತ್ತು ಒಂದು ಬೆರಳಗಲ. ಅದು ನಾನು ಹುಟ್ಟಿದ ವರ್ಷ. ಅದಕ್ಕೇ ಇವಳ ಬಾಯಿ ಇಷ್ಟು ದೊಡ್ಡದು ಅಂತ ನಮ್ಮೆಜಮಾನರು ಅಂದರು, ಊರೇ ನಕ್ಕಿತು.

ಆಮೇಲೆ ನೋಡಿ, ಒಬ್ಬೊಬ್ಬರಿಗೂ ತಮ್ಮ ತಮ್ಮ ವರ್ಷ ಬೇಕು. ನನ್ನ ಮದುವೆ ವರ್ಷ ತೋರಿಸು, ನನ್ನ ಹಿರೀಮಗ ಹುಟ್ಟಿದ್ದು ತೋರಿಸು. ಒಬ್ಬ ತನ್ನ ಎತ್ತು ಸತ್ತ ವರ್ಷ ಕೇಳಿದ. ಒಬ್ಬಳು ತನ್ನ ಗಂಡ ಹುಟ್ಟಿದ ವರ್ಷದ ಗೆರೆ ನೋಡಿ, ಇಷ್ಟು ಸಣಕಲಾ ಅಂತ ಅವನ ಮುಖ ನೋಡಿದಳು. ನಮ್ಮೂರ ಮೇಲೆ ಸುರಿದ ಮಳೆ, ಸುರಿಯದ ಮಳೆ ಎಲ್ಲಾ ಒಂದು ರೊಟ್ಟಿಯ ಹಂಚಿನಗಲದ ಮರದಲ್ಲಿ ಕೂತಿತ್ತು. ಮರದ ಗೆರೆ ಓದಿ ಹಿಂದಿನ ಕಾಲದ ಮಳೆಬಿಸಿಲು ಹೇಳುವ ವಿದ್ವಾಂಸರು ಹೊರದೇಶದಲ್ಲಿದ್ದಾರೆ ಅಂತ ಈಚೆಗೆ ಯಾರೋ ಓದಿ ಹೇಳಿದರು. ಇರಲಿ, ಸಂತೋಷ. ಹುಣಸೆ ಬೀಜದ ಉಪಾಯ ಅವರಿಗೆ ಯಾರು ಹೇಳಿಕೊಟ್ಟರೋ.

ಬೀಜದ ಸಾಲು ಸಣ್ಣದಾಗುತ್ತ ಬಂದ ಹಾಗೆ ಜನ ಹತ್ತಿರ ಹತ್ತಿರ ಸರಿದರು. ಬಹುಧಾನ್ಯದ ಬೀಜವನ್ನೂ ಅಜ್ಜಿ ಎತ್ತಿದಳು. ಉಳಿದದ್ದು ಎರಡೇ. ಮರದಲ್ಲಿ ಬಹುಧಾನ್ಯದ ಒಳಗೆ ಎರಡು ಗೆರೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಇದ್ದವು. ನಡುವೆ ಮುಳ್ಳಿನ ಮೊನೆ ಇಡಲೂ ಜಾಗವಿಲ್ಲ. ಅದರಲ್ಲೂ ಹೊರಗಿನದು, ಈಶ್ವರದ್ದು, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಇವರು ಉಗುರಿನಿಂದ ಗೀರಿ, ಉಗುಳು ಹಚ್ಚಿ ಒರೆಸಿ, ಮತ್ತೆ ನೋಡಿದರು. ತಮಿಳು ಮುದುಕರೂ ನೋಡಿದರು. ಈಶ್ವರದಲ್ಲಿ ಮರಕ್ಕೆ ನೀರೇ ಸಿಕ್ಕಿಲ್ಲ ಅಂತ ಇಬ್ಬರೂ ಹೇಳಿದರು.

ನಾನು ಖುಷಿಗೆ ಚಪ್ಪಾಳೆ ತಟ್ಟಿದೆ. ಅಜ್ಜಿ ದೊಡ್ಡಜ್ಜಿಯ ಕೈ ಹಿಡಿದು ಜಗುಲಿಯಿಂದ ಇಳಿಸಿ ಕರೆತಂದು, ಅವಳ ತೋರುಬೆರಳನ್ನು ಆ ಗೆರೆಯ ಮೇಲೆ ಇಟ್ಟಳು. ಕುರುಡು ಬೆರಳು ಶೋಭಕೃತುವಿನ ಅಗಲದಿಂದ ಒಳಗೆ ಒಳಗೆ ಸರಿದು, ಮುಳ್ಳುಗಳನ್ನು ದಾಟಿ, ಆ ಎರಡು ಗೆರೆಗಳ ಮೇಲೆ ನಿಂತುಬಿಟ್ಟಿತು. ಜನ ಏನಾದರೂ ಆಗುತ್ತದೆ ಅಂತ ಕಾದರು. ಏನೂ ಆಗಲಿಲ್ಲ. ಹೊತ್ತು ನೆತ್ತಿಗೆ ಬಂದಿತ್ತು, ಒಬ್ಬೊಬ್ಬರಾಗಿ ಊಟಕ್ಕೆ ಹೋದರು. ಗಂಡಸರು ಕೈಕಾಲು ತೊಳೆಯಲು ಬಾವಿಯ ಕಡೆ ನಡೆದರು. ಅಂಗಳದಲ್ಲಿ ಉಳಿದದ್ದು ಇಬ್ಬರು ಮುದುಕಿಯರು, ಬೀಜ ಕುಡಿಕೆಗೆ ತುಂಬುತ್ತಿದ್ದ ನಾನು.

"ಈ ಅಮಾಸೆಗೆ ಎಡೆ ನೀನೇ ಇಕ್ಕು" ಅಂದಳು ದೊಡ್ಡಜ್ಜಿ.

ಅಷ್ಟು ವರ್ಷ ಕಾದ ಮಾತು ಅದು. ನಾನಾಗಿದ್ದರೆ ಅಲ್ಲೇ ಸಾಷ್ಟಾಂಗ ಬೀಳುತ್ತಿದ್ದೆ, ಇಲ್ಲ ಅಲ್ಲೇ ಹತ್ತು ಮಾತು ಬೈಯುತ್ತಿದ್ದೆ. ಅಜ್ಜಿ ಎರಡೂ ಮಾಡಲಿಲ್ಲ. ಮಳೆ ಬರಲಿಲ್ಲ ಅಂತ ನಿನಗೂ ಗೊತ್ತಿತ್ತಲ್ಲಕ್ಕ, ಯಾಕೆ ಹಂಗಂದೆ ಅಂತ ಮೆಲ್ಲಗೆ ಕೇಳಿದಳು. ದೊಡ್ಡಜ್ಜಿಯ ಬೆರಳು ಇನ್ನೂ ಮರದ ಮೇಲೇ ಇತ್ತು.

"ಅತ್ತೆ ಓಗೋ ದಿನ ಅನ್ನ ಕೇಳ್ಲಿಲ್ಲ, ನೀರು ಕೇಳ್ಲಿಲ್ಲ ಕಣೇ. ಮಳೆ ಬಂತಾ, ಮಳೆ ಬಂತಾ ಅಂತ ಒಂದೇ ಸಮ ಕೇಳೋಳು. ನಂಗೆ ತಡೀಲಿಲ್ಲ. ಚೆಂಬಲ್ಲಿ ಒಂದೀಟು ನೀರಿತ್ತು. ಒರಗೆ ಓಗಿ ಸೂರಿನ ಗರಿ ಮೇಲೆ ಚಿಮುಕಿಸ್ದೆ. ತಟ ತಟ ಅಂತ ಬಿತ್ತು. ಮಣ್ಣಿನ ವಾಸ್ನೆ ಒಳಗಂಟ ಓಯ್ತು."

ಒಳಗೆ ಬಂದು, ಬಂತು ಅತ್ತೆ, ಮಳೆ ಬಂತು ಅಂದಳಂತೆ. ಅತ್ತೆ ನಕ್ಕಳಂತೆ.

"ಚಿಕ್ಕೋಳ್ಗೆ ಏಳಿ ಕಳ್ಸು, ಮಳೆ ಬಂತೂಂತ. ಕೂಸ್ನ ಎತ್ಕಂಡು ಮನೇಗೆ ಬಂದ್ಬುಡ್ಲಿ ಅಂದ್ಲು. ಆಮೇಕೆ ಮಾತಾಡ್ಲಿಲ್ಲ."

ಮಿಕ್ಕದ್ದನ್ನು ದೊಡ್ಡಜ್ಜಿ ತಡವರಿಸಿ ತಡವರಿಸಿ ಹೇಳಿದಳು. ನಮ್ಮಜ್ಜಿ ವಾಪಸು ಬಂದಾಗ ಅತ್ತೆಯ ಕಡೇ ಮಾತು ಅಂತಲೇ ಮಳೆ ಬಂದಿತ್ತು ಅಂದದ್ದು. ಅದಕ್ಕೆ ನಮ್ಮಜ್ಜಿ ಬೀದಿಯಲ್ಲಿ ಎಲ್ಲರೆದುರು, ಎಲ್ಲಿ ಬಂತು ಮಳೆ, ಸುಳ್ಳು ಅಂತ ಕೂಗಿದಳು. ಸಾಯುವವರ ಕಿವಿಗೆ ಸುಳ್ಳು ಹಾಕಬಾರದು ಅಂತಾರೆ. ಮಳೆ ಬರಲಿಲ್ಲ ಅಂತ ಒಪ್ಪಿಕೊಂಡರೆ ಅತ್ತೆಯನ್ನು ಸುಳ್ಳು ಹೇಳಿ ಕಳಿಸಿದವಳಾಗುತ್ತೇನೆ ಅಂತ ಭಯ. ಭಯಕ್ಕೆ ದೊಡ್ಡಜ್ಜಿ ಬಾಯಿ ಜೋರು ಮಾಡಿದಳು, ಬಾಯಿ ಜೋರಾದ ಮೇಲೆ ಮಾತಿಗೆ ಮಾತು ಬೆಳೆಯಿತು, ಎಡೆಯವರೆಗೂ ಹೋಯಿತು.

ನಮ್ಮಜ್ಜಿ ಇದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ. ಅವಳು ಕೇಳಿದ್ದು ಒಂದೇ.

"ನನ್ನ ಬಾ ಅಂದ್ಲಾ?"

"ಊಂ. ನಿನ್ನೇ."

ಅಜ್ಜಿ ಮರದ ಬಿಲ್ಲೆಯ ಮೇಲೆ ಹಣೆಯಿಟ್ಟು ಅತ್ತಳು. ದೊಡ್ಡಜ್ಜಿ ಅವಳ ಬೆನ್ನು ಹುಡುಕಿ ಕೈಯಿಟ್ಟಳು. ನಾನು ಕುಡಿಕೆ ಹಿಡಿದುಕೊಂಡು ಹಾಗೇ ಕೂತಿದ್ದೆ. ಬಾವಿಯ ಕಡೆಯಿಂದ ಗಂಡಸರ ಮಾತು ಹತ್ತಿರವಾದಾಗ ಇಬ್ಬರೂ ಮುಖ ಒರೆಸಿಕೊಂಡು ಎದ್ದರು. ಊಟಕ್ಕೆ ಎಲ್ಲರಿಗೂ ತುಪ್ಪ ಸುರಿದಳು ಅಜ್ಜಿ, ತಮಿಳು ಮುದುಕರು ಪೋದುಂ ಪೋದುಂ, ಸಾಕು ಅಂತ ಕೈ ಅಡ್ಡ ಹಿಡಿದರೂ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಸುತ್ತಲ ಹಳ್ಳಿಯವರೂ ಮರ ನೋಡಲು ಬಂದರು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಧಾತು ಈಶ್ವರದ ಜಗಳ ಆ ಸೀಮೆಗೆಲ್ಲ ಗೊತ್ತಿದ್ದ ಕಥೆ, ಹಾಗಾಗಿ ಅವರಿಗೆ ಬೇಕಾದದ್ದೂ ಅದೇ. ಮರ ಏನು ಹೇಳಿತು ಅಂತ ಹಿರಿಯರೊಬ್ಬರು ಕೇಳಿದರು. ನಮ್ಮೆಜಮಾನರು ಮೀಸೆ ನೀವಿಕೊಂಡು ಮುಳ್ಳು ತೋರಿಸಲು ಬಗ್ಗಿದರು. ದೊಡ್ಡಜ್ಜಿ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ನಮ್ಮಜ್ಜಿ ಒಳಗಿಂದ ಬಂದವಳು ಬಿಲ್ಲೆಯ ಮುಂದೆ ಬಗ್ಗಿ ಈಶ್ವರಕ್ಕೆ ಚುಚ್ಚಿದ್ದ ಮುಳ್ಳನ್ನು ಕಿತ್ತು ಬಿಸಾಡಿದಳು. ಇವರು ಬಾಯಿ ತೆರೆಯುವಷ್ಟರಲ್ಲಿ ನಾನು ಅವರ ತೋಳು ಹಿಂಡಿದೆ. ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಮ್ಮಳಿಯಂಗೆ ಎಣ್ಸಕ್ಕೆ ಬರಲ್ಲ ಕಣ್ರಪ್ಪ. ಈಸ್ವರದಲ್ಲಿ ಮಳೆ ಬಂದಿತ್ತು. ನಮ್ಮತ್ತೇನೇ ಕೇಳಿಸ್ಕಂಡವ್ಳೆ."